ಆಘಾತ ಕಂಡ ಪುಟ್ಟ ಮಕ್ಕಳಿಗೆ ಅಂಗನವಾಡಿಯಲ್ಲಿ ಆಸರೆಯಾಗುವುದು ಹೇಗೆ

ಕರ್ನಾಟಕದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಸೇವೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಅಂದಿನಿಂದ ಇಂದಿನವರೆಗೆ ಅಂಗನವಾಡಿಯ ಕೆಲಸವನ್ನು ತೂಕ, ಎತ್ತರ, ಲಸಿಕೆ, ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣಗಳ ಲೆಕ್ಕದಲ್ಲಿಯೇ ನೋಡುವುದು ರೂಢಿಯಾಗಿದೆ. ಮಗುವಿನ ತೂಕ ಏರದಿದ್ದರೆ ಅದು ಅಂಗನವಾಡಿಯ ಮಾಹಿತಿ ದಾಖಲಿಸುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಅದೇ ಮಗು ಮೂರು ವಾರಗಳಿಂದ ಯಾರೊಡನೆಯೂ ಮಾತನಾಡಿಲ್ಲವೆಂದು ಬರೆದಿಡಲು ಅಲ್ಲಿ ಜಾಗವಿಲ್ಲ. ತಂದೆಯ ಸಾವು, ತಾಯಿಯ ಮೇಲಿನ ಹೊಡೆತ, ಕುಡಿತದ ಜಗಳ, ಮನೆಯೊಳಗೆ ನುಗ್ಗಿದ ನೆರೆನೀರು, ರಸ್ತೆ ಅಪಘಾತ, ಲೈಂಗಿಕ ದೌರ್ಜನ್ಯ, ಕೆಲಸ ಹುಡುಕಿ ಬೆಂಗಳೂರಿಗೋ ಮುಂಬಯಿಗೋ ಹೋದ ಹೆತ್ತವರಿಂದ ತಿಂಗಳುಗಟ್ಟಲೆ ದೂರವಿರುವುದು: ಇವೆಲ್ಲವೂ ಆರು ವರ್ಷದೊಳಗಿನ ಮಕ್ಕಳಿಗೂ ಆಗುತ್ತವೆ. ಅವರು ಅದನ್ನು ದೊಡ್ಡವರ ಹಾಗೆ ಹೇಳಿಕೊಳ್ಳಲಾರರು, ಅಷ್ಟೆ.

ಈ ಬರಹ ಅಂಗನವಾಡಿ ಕಾರ್ಯಕರ್ತೆಯರಿಗೆ ಮತ್ತು ಸಹಾಯಕಿಯರಿಗೆ, ಗ್ರಾಮ ಪಂಚಾಯಿತಿಗಳ ಕೂಸಿನ ಮನೆಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವವರಿಗೆ, ಖಾಸಗಿ ನರ್ಸರಿಗಳ ಶಿಕ್ಷಕಿಯರಿಗೆ. ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಬೇಕು. ಚಿಕಿತ್ಸೆ ನಿಮ್ಮ ಕೆಲಸವಲ್ಲ. ಏನಾಯಿತೆಂದು ಮಗುವಿನ ಬಾಯಿ ಬಿಡಿಸುವುದಂತೂ ಖಂಡಿತ ನಿಮ್ಮ ಕೆಲಸವಲ್ಲ. ಆದರೆ ಆಸ್ಪತ್ರೆಯ ಆಪ್ತಸಮಾಲೋಚಕರು ಮಗುವನ್ನು ತಿಂಗಳಿಗೆ ಒಂದೋ ಎರಡೋ ಬಾರಿ, ಅರ್ಧ ಗಂಟೆ ನೋಡಬಹುದು. ನೀವು ವಾರಕ್ಕೆ ಆರು ದಿನ, ಗಂಟೆಗಟ್ಟಲೆ ನೋಡುತ್ತೀರಿ. ಬದುಕಿನಲ್ಲಿ ಮುಂದೇನಾಗುತ್ತದೋ ಗೊತ್ತಾಗದೆ ಬೆಚ್ಚಿರುವ ಮಗುವಿಗೆ ಮುಂದೇನಾಗುತ್ತದೆಂದು ಖಚಿತವಾಗಿ ಗೊತ್ತಿರುವ ಒಂದು ಕೋಣೆ ಮತ್ತು ದಿನವೂ ಒಂದೇ ರೀತಿ ವರ್ತಿಸುವ ಒಬ್ಬ ದೊಡ್ಡವರು ಸಿಕ್ಕರೆ, ಬಹುಪಾಲು ಮಕ್ಕಳು ಅಷ್ಟರಿಂದಲೇ ಚೇತರಿಸಿಕೊಳ್ಳತೊಡಗುತ್ತಾರೆ. ಮುಂದೆ ಬರುವ ಸಲಹೆಗಳೆಲ್ಲ ಈ ಒಂದು ಮಾತಿನ ವಿಸ್ತರಣೆಯೇ.

ಏನನ್ನು ಗಮನಿಸಬೇಕು

ಹೊಡೆಯುವ, ಕಚ್ಚುವ, ಕಿರುಚುವ ಮಗು ತಾನಾಗಿಯೇ ಎಲ್ಲರ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದಿರುವುದು ಸುಮ್ಮನೆ ಕೂತ ಮಗು. ಹೇಳಿದಲ್ಲಿ ಕೂರುವ, ಏನನ್ನೂ ಕೇಳದ, ಬಿದ್ದು ಮೊಣಕಾಲು ತರಚಿದರೂ ಅಳದ, ಯಾರು ಎತ್ತಿಕೊಂಡರೂ ಹೋಗುವ ಮಗುವನ್ನು ನಾವು "ಎಷ್ಟು ಒಳ್ಳೆಯ ಮಗು" ಎಂದು ಮೆಚ್ಚಿಬಿಡುತ್ತೇವೆ. ಮೂವತ್ತು ಮಕ್ಕಳಿರುವ ಒಂದೇ ಕೋಣೆಯಲ್ಲಿ ಅಂಥ ಮಗು ದೊಡ್ಡ ಸಹಾಯದಂತೆ ಕಾಣುವುದು ಸಹಜ. ಆದರೆ ಭಯಕ್ಕೆ ದೇಹ ಕೊಡುವ ಉತ್ತರಗಳಲ್ಲಿ ಹೆಪ್ಪುಗಟ್ಟಿದಂತೆ ನಿಶ್ಚಲವಾಗುವುದೂ ಒಂದು. ಓಡಲೂ ತಿರುಗಿ ನಿಲ್ಲಲೂ ಆಗದ ಪುಟ್ಟ ಮಕ್ಕಳಲ್ಲಿ ಅದೇ ಹೆಚ್ಚು.

ಕಲಿತದ್ದನ್ನು ಮಗು ಮರೆತಂತೆ ಹಿಂದಕ್ಕೆ ಹೋಗುವುದು ಇನ್ನೊಂದು ಸೂಚನೆ. ಶೌಚಕ್ಕೆ ಹೇಳಿ ಹೋಗುತ್ತಿದ್ದ ನಾಲ್ಕು ವರ್ಷದ ಮಗು ಚಡ್ಡಿಯಲ್ಲಿಯೇ ಮೂತ್ರ ಮಾಡಿಕೊಳ್ಳಬಹುದು, ಬಿಟ್ಟಿದ್ದ ಬೆರಳು ಚೀಪುವ ಅಭ್ಯಾಸ ಮರಳಬಹುದು, ತಾನೇ ಉಣ್ಣುತ್ತಿದ್ದ ಮಗು ತುತ್ತು ಕೊಡಿರೆಂದು ಕೂರಬಹುದು. ಮಧ್ಯಾಹ್ನ ಮಲಗಿಸುವಾಗ ಕಣ್ಣು ಮುಚ್ಚಲು ಹೆದರುವುದು, ನಿದ್ದೆಯಲ್ಲಿ ಬೆಚ್ಚಿ ಚೀರುವುದು, ಬಾಗಿಲ ಕಡೆಯೇ ನೋಡುತ್ತಿರುವುದು, ಪಾತ್ರೆ ಬಿದ್ದ ಸದ್ದಿಗೆ ಮೈಯೆಲ್ಲ ನಡುಗುವುದು, ಆಗಾಗ ಹೊಟ್ಟೆನೋವು ಎನ್ನುವುದು, ಕೊಟ್ಟ ಮೊಟ್ಟೆಯನ್ನೋ ಚಿಕ್ಕಿಯನ್ನೋ ತಿನ್ನದೆ ಅಂಗಿಯ ಮಡಿಕೆಯಲ್ಲಿ ಅಡಗಿಸಿಡುವುದು, ಇವೂ ಗಮನಿಸಬೇಕಾದವು. ಇವುಗಳಲ್ಲಿ ಯಾವುದೂ ಒಂಟಿಯಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಮುಖ್ಯವಾದದ್ದು ಬದಲಾವಣೆ: ಈ ಮಗು ಮೊದಲು ಹೇಗಿತ್ತು, ಯಾವಾಗಿನಿಂದ ಹೀಗಾಯಿತು, ದಿನದ ಯಾವ ಹೊತ್ತಿನಲ್ಲಿ ಹೆಚ್ಚು?

ಎಲ್ಲವನ್ನೂ ಆಘಾತದ ಲೆಕ್ಕಕ್ಕೆ ಬರೆಯಬಾರದೆಂಬ ಎಚ್ಚರವೂ ಬೇಕು. ಕರೆದರೆ ತಿರುಗದ ಮಗುವಿಗೆ ಕಿವಿ ಕೇಳಿಸದಿರಬಹುದು. ಆಡುತ್ತ ಆಡುತ್ತ ಕೆಲವು ಕ್ಷಣ ಶೂನ್ಯದಲ್ಲಿ ನೆಟ್ಟ ನೋಟದಿಂದ ಕೂರುವುದು ಮೂರ್ಛೆರೋಗದ ಒಂದು ರೂಪವೂ ಇರಬಹುದು. ಮಂಕಾಗಿರುವ ಮಗು ರಕ್ತಹೀನತೆಯಿಂದಲೋ ಬೆಳಗ್ಗೆ ಏನೂ ತಿನ್ನದೆ ಬಂದದ್ದರಿಂದಲೋ ಹಾಗಿರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕಾದದ್ದು ಇಂಥದ್ದಕ್ಕಾಗಿಯೇ. ತಂಡ ಬಂದ ದಿನ ತೂಕ, ಹಲ್ಲು, ಚರ್ಮ ತೋರಿಸಿ ಮುಗಿಸದೆ ನಿಮ್ಮ ಗಮನಕ್ಕೆ ಬಂದದ್ದನ್ನು ಬಾಯಿಬಿಟ್ಟು ಹೇಳಿ.

ಗಮನಿಸಿದ್ದನ್ನು ಎರಡು ಸಾಲಿನಲ್ಲಿ, ದಿನಾಂಕದೊಂದಿಗೆ, ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಿ. "ತುಂಬಾ ಹಠ" ಎಂದು ಬರೆದರೆ ಮುಂದೆ ಯಾರಿಗೂ ಉಪಯೋಗವಾಗದು. "ಊಟಕ್ಕೆ ಮುಂಚೆ, ಗಂಡಸೊಬ್ಬರು ಬಾಗಿಲಿಗೆ ಬಂದು ಜೋರಾಗಿ ಮಾತಾಡಿದಾಗ ಮೇಜಿನ ಕೆಳಗೆ ಹೋಗಿ ಕೂತಳು, ಹತ್ತು ನಿಮಿಷ ಹೊರಬರಲಿಲ್ಲ" ಎಂದು ಬರೆದರೆ ವೈದ್ಯರಿಗೂ ಉಪಯೋಗ, ನಿಮಗೂ ಉಪಯೋಗ. ಆ ಪುಸ್ತಕ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಕೈಯಿಂದ ಕೈಗೆ ಹೋಗುವ ವಹಿಯಾಗಬಾರದು.

ದಿನಚರಿಯನ್ನು ಗಟ್ಟಿ ಮಾಡುವುದು

ಹೊಸ ಆಟಿಕೆ, ಗೋಡೆಯ ಬಣ್ಣ, ಬಾಹ್ಯ ತಜ್ಞರು ಇವುಗಳಿಗಿಂತ ಮೊದಲು ಮಾಡಬೇಕಾದದ್ದು ದಿನದ ಕ್ರಮವನ್ನು ನಿಶ್ಚಿತಗೊಳಿಸುವುದು. ಬಂದ ಕೂಡಲೇ ಚಪ್ಪಲಿ ಸಾಲಾಗಿ ಇಡುವುದು, ಕೈ ತೊಳೆಯುವುದು, ಪ್ರಾರ್ಥನೆ, ಹಾಲು, ವೃತ್ತದಲ್ಲಿ ಕೂತು ಮಾತುಕತೆ, ಹೊರಗಿನ ಆಟ, ಕಥೆ, ಊಟ, ನಿದ್ದೆ ಎಂಬ ಕ್ರಮ ಯಾವುದೇ ಇರಲಿ, ಅದು ಸೋಮವಾರವೂ ಶನಿವಾರವೂ ಒಂದೇ ಆಗಿರಲಿ. ಪ್ರತಿಯೊಂದಕ್ಕೂ ಒಂದೊಂದು ಚಿತ್ರ ಬರೆದು ಮಕ್ಕಳ ಕಣ್ಣಿನ ಮಟ್ಟಕ್ಕೆ ಗೋಡೆಗೆ ಅಂಟಿಸಿ. "ಅಮ್ಮ ನಾಲ್ಕು ಗಂಟೆಗೆ ಬರ್ತಾರೆ" ಎಂದರೆ ಮೂರು ವರ್ಷದ ಮಗುವಿಗೆ ಏನೂ ತಿಳಿಯುವುದಿಲ್ಲ. "ಊಟ ಮಾಡ್ತೀವಿ, ಮಲಗ್ತೀವಿ, ಎದ್ದು ಮುಖ ತೊಳೀತೀವಿ, ಆಮೇಲೆ ಅಮ್ಮ ಬರ್ತಾರೆ" ಎಂದು ಚಿತ್ರಗಳ ಮೇಲೆ ಬೆರಳಿಟ್ಟು ತೋರಿಸಿದರೆ ತಿಳಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಮುನ್ನ ಪ್ರತಿದಿನ ಅದೇ ಹಾಡನ್ನು ಹಾಡುವುದು ಅಥವಾ ಅದೇ ರೀತಿ ಚಪ್ಪಾಳೆ ತಟ್ಟುವುದು ಒಳ್ಳೆಯದು. ಏಕೆಂದರೆ ಬೆಚ್ಚಿದ ಮಕ್ಕಳು ಸೋಲುವುದು ಚಟುವಟಿಕೆಯ ನಡುವಿನಲ್ಲಲ್ಲ, ಒಂದು ಮುಗಿದು ಇನ್ನೊಂದು ಆರಂಭವಾಗುವ ಗದ್ದಲದಲ್ಲಿ.

ಬೆಳಗ್ಗೆ ಬಿಟ್ಟುಹೋಗುವ ಹೊತ್ತು ಇಡೀ ದಿನದಲ್ಲಿ ಹೆಚ್ಚು ನಾಜೂಕಾದದ್ದು. ಮಗು ಆಟದಲ್ಲಿ ಮೈಮರೆತಾಗ ತಾಯಿ ಸದ್ದಿಲ್ಲದೆ ಜಾರಿಕೊಳ್ಳುವುದು ನಮ್ಮಲ್ಲಿ ಎಲ್ಲೆಡೆ ಇರುವ ಉಪಾಯ. ಆ ಕ್ಷಣಕ್ಕೆ ಅಳು ತಪ್ಪುತ್ತದೆ, ನಿಜ. ಆದರೆ ಕಣ್ಣು ತಿರುಗಿಸಿದರೆ ಅಮ್ಮ ಮಾಯವಾಗುತ್ತಾಳೆಂದು ಕಲಿತ ಮಗು ಮರುದಿನ ಆಟಕ್ಕೇ ಹೋಗುವುದಿಲ್ಲ, ಸೆರಗು ಬಿಡುವುದೂ ಇಲ್ಲ. ತಾಯಿ, ಅಜ್ಜಿ ಯಾರೇ ಇರಲಿ, ಹೇಳಿಯೇ ಹೋಗಲಿ. ಪ್ರತಿದಿನ ಒಂದೇ ಮಾತಿನಲ್ಲಿ, ಚಿಕ್ಕದಾಗಿ. ತಾಯಿಯ ಕರವಸ್ತ್ರವನ್ನೋ ಹಳೆಯ ಸೀರೆಯ ತುಂಡನ್ನೋ ಮಗು ಜೊತೆಗಿಟ್ಟುಕೊಳ್ಳಲು ಬಿಡಿ. ಮೂರು ವರ್ಷದ ಮಗುವಿಗೆ ಅದು ಕೊಳಕು ಬಟ್ಟೆಯಲ್ಲ.

ಈಗ ಸಹಾಯಕಿಯರ ವಿಷಯ. ಸಮೀಕ್ಷೆ, ಮತಗಟ್ಟೆ ಅಧಿಕಾರಿಯ ಕೆಲಸ, ತಾಲ್ಲೂಕು ಕಚೇರಿಯ ಸಭೆ ಎಂದು ಕಾರ್ಯಕರ್ತೆ ಕೇಂದ್ರದಿಂದ ಹೊರಗಿರಬೇಕಾದ ದಿನಗಳು ಕಡಿಮೆಯಿಲ್ಲ. ಅಂಥ ದಿನಗಳಲ್ಲಿಯೂ ಅಲ್ಲಿಯೇ ಇರುವವರು ಸಹಾಯಕಿ. ಅನ್ನ ಬಡಿಸುವ, ಒದ್ದೆ ಚಡ್ಡಿ ಬದಲಿಸುವ, ಮಲಗಿಸುವಾಗ ಬೆನ್ನು ತಟ್ಟುವ ಕೈಗೇ ಎಷ್ಟೋ ಮಕ್ಕಳು ಮೊದಲು ಒಗ್ಗಿಕೊಳ್ಳುತ್ತಾರೆ. ಮಗು ಯಾರ ಬಳಿ ಶಾಂತವಾಗುತ್ತದೆಂದು ಗಮನಿಸಿ, ಅವರನ್ನೇ ಆ ಮಗುವಿನ ಆಸರೆಯೆಂದು ಇಬ್ಬರೂ ಒಪ್ಪಿಕೊಳ್ಳಿ. ತರಬೇತಿಗಳಿಗೆ ಕಾರ್ಯಕರ್ತೆಯರನ್ನು ಮಾತ್ರ ಕರೆದು ಸಹಾಯಕಿಯರನ್ನು ಬಿಡುವುದು ನನಗೆ ಎಂದೂ ಅರ್ಥವಾಗದ ಕ್ರಮ. ಇಲಾಖೆ ಕರೆಯುವವರೆಗೆ ಕಾಯದೆ ಕಲಿತದ್ದನ್ನು ಅವರೊಂದಿಗೆ ಹಂಚಿಕೊಳ್ಳಿ. ನಾಳೆ ಟೀಚರ್ ಬರುವುದಿಲ್ಲವೆಂಬುದನ್ನು ಮಕ್ಕಳಿಗೆ ಹಿಂದಿನ ದಿನವೇ ಹೇಳಿ.

ಮನೆಮಾತಿನ ಎರಡು ಪದಗಳು ಮಾಡುವ ಕೆಲಸವನ್ನು ಉದ್ದನೆಯ ಸಮಾಧಾನ ಮಾಡಲಾರದು. ತಾಂಡಾದ ಮಗುವಿಗೆ ಲಂಬಾಣಿಯಲ್ಲಿ, ಕರಾವಳಿಯ ಮಗುವಿಗೆ ತುಳು ಅಥವಾ ಬ್ಯಾರಿಯಲ್ಲಿ, ಇನ್ನೊಂದು ಮಗುವಿಗೆ ಉರ್ದುವಿನಲ್ಲಿ "ಬಾ", "ಹೆದರಬೇಡ", "ನೀರು ಬೇಕಾ", "ನೋವಾಯ್ತಾ" ಎಂಬಷ್ಟನ್ನು ಹೇಳಲು ಮನೆಯವರಿಂದ ಕಲಿತುಕೊಳ್ಳಿ. ಹೆದರಿದ ಗಳಿಗೆಯಲ್ಲಿ ಮಗುವಿಗೆ ಎರಡನೆಯ ಭಾಷೆ ಕಿವಿಗೆ ಹೋಗುವುದಿಲ್ಲ.

ಮಗು ಹತೋಟಿ ತಪ್ಪಿದಾಗ

ಕಿರುಚಿ, ನೆಲಕ್ಕೆ ಬಿದ್ದು ಹೊರಳಾಡುವ ಮಗುವಿಗೆ ಆ ಕ್ಷಣದಲ್ಲಿ ಬುದ್ಧಿಮಾತು ಹಿಡಿಸುವುದಿಲ್ಲ. ಮೊದಲು ನಿಮ್ಮ ದನಿ ತಗ್ಗಲಿ. ನಿಂತು ಮೇಲಿನಿಂದ ಮಾತಾಡದೆ, ಮಗುವಿನ ಪಕ್ಕಕ್ಕೆ, ಒಂದು ಕೈ ದೂರದಲ್ಲಿ ನೆಲದ ಮೇಲೆ ಕೂತುಕೊಳ್ಳಿ. ಎದುರಿನಿಂದ ಹೋಗಿ ಬಲವಂತವಾಗಿ ಅಪ್ಪಿಕೊಳ್ಳಬೇಡಿ. ಮೈಮೇಲೆ ದೌರ್ಜನ್ಯ ಕಂಡ ಮಗುವಿಗೆ ಹಿಂದಿನಿಂದ ಬರುವ ಕೈ, ಬಿಗಿಯಾದ ಅಪ್ಪುಗೆ ಎರಡೂ ಭಯ ಹೆಚ್ಚಿಸಬಹುದು. "ಎತ್ಕೊಳ್ಳಲಾ?" ಎಂದು ಕೇಳಿ, ತಲೆಯಾಡಿಸಿದರೆ ಎತ್ತಿಕೊಳ್ಳಿ. "ತುಂಬಾ ಭಯ ಆಯ್ತು ಅಲ್ವಾ? ನಾನು ಇಲ್ಲೇ ಇದ್ದೀನಿ" ಎಂಬಷ್ಟು ಮಾತು ಸಾಕು. ಉಸಿರಾಟದ ಪಾಠ ಆ ಹೊತ್ತಿಗೆ ನಡೆಯದು. ಅದನ್ನು ಮಗು ಶಾಂತವಾಗಿರುವ ದಿನಗಳಲ್ಲಿ ಆಟವಾಗಿ ಕಲಿಸಿರಬೇಕು. ಬಿಸಿ ಹಾಲನ್ನು ಊದಿ ಆರಿಸುವ ಆಟ, ಸೋಪಿನ ನೀರಿನ ಗುಳ್ಳೆ ಊದುವ ಆಟ, ಅಂಗೈ ಮೇಲಿನ ಹತ್ತಿಯ ಎಳೆಯನ್ನು ಹಾರಿಸುವ ಆಟ ಇವೆಲ್ಲ ನೀಳವಾಗಿ ಉಸಿರು ಬಿಡುವುದನ್ನೇ ಕಲಿಸುತ್ತವೆ.

ಕೋಣೆಯ ಒಂದು ಮೂಲೆಯಲ್ಲಿ ಚಾಪೆ, ಒಂದೆರಡು ದಿಂಬು, ಬಟ್ಟೆಯ ಗೊಂಬೆ ಇಟ್ಟು ಅದನ್ನು ಯಾರು ಬೇಕಾದರೂ ಹೋಗಿ ಕೂರಬಹುದಾದ ಜಾಗವಾಗಿ ಮಾಡಿ. ಅಲ್ಲಿಗೆ ಮಗುವನ್ನು ಶಿಕ್ಷೆಯಾಗಿ ಕಳುಹಿಸಿದ ದಿನದಿಂದ ಅದರ ಪ್ರಯೋಜನ ಮುಗಿಯಿತೆಂದೇ ತಿಳಿಯಿರಿ. "ಗುಮ್ಮ ಬರ್ತಾನೆ", "ಪೊಲೀಸಿನವರಿಗೆ ಹಿಡಿದುಕೊಡ್ತೀನಿ", "ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ", "ಹೀಗೆ ಮಾಡಿದ್ರೆ ಅಮ್ಮ ಬರೋದೇ ಇಲ್ಲ" ಎಂಬ ಮಾತುಗಳನ್ನು ಕೇಂದ್ರದಿಂದ ಸಂಪೂರ್ಣವಾಗಿ ಹೊರಗಿಡಬೇಕು. ಅದರಲ್ಲೂ ಕೊನೆಯದು, ಅಮ್ಮ ನಿಜಕ್ಕೂ ಬಾರದಿರುವುದನ್ನು ಒಮ್ಮೆ ಕಂಡ ಮಗುವಿಗೆ, ಏಟಿಗಿಂತ ಕ್ರೂರವಾದದ್ದು. ಪೊಲೀಸರು ಮತ್ತು ವೈದ್ಯರು ಆ ಮಗುವಿಗೆ ಮುಂದೆ ನೆರವಾಗಬೇಕಾದವರೂ ಹೌದು.

ಆಟದ ವಿಷಯ

ಪುಟ್ಟ ಮಕ್ಕಳು ತಮಗಾದದ್ದನ್ನು ಮಾತಿಗಿಂತ ಹೆಚ್ಚಾಗಿ ಆಟದಲ್ಲಿ ತೋಡಿಕೊಳ್ಳುತ್ತಾರೆ. ಗುಡ್ಡ ಕುಸಿದ ಊರಿನ ಮಗು ಮಣ್ಣಿನ ರಾಶಿ ಮಾಡಿ ಆಟಿಕೆ ಮನೆಯನ್ನು ಮುಚ್ಚಬಹುದು, ಸಾವು ಕಂಡ ಮಗು ಗೊಂಬೆಗೆ ಬಟ್ಟೆ ಹೊದಿಸಿ ಹೂವಿಟ್ಟು ಹೊತ್ತೊಯ್ಯಬಹುದು, ಅಡುಗೆ ಆಟದಲ್ಲಿ ಅಪ್ಪನ ಪಾತ್ರ ಕೈ ಎತ್ತಬಹುದು. ನೋಡುವವರಿಗೆ ಇದು ಅಪಶಕುನದಂತೆ ಕಾಣುತ್ತದೆ, "ಥೂ, ಹಾಗೆಲ್ಲ ಆಡಬಾರದು" ಎಂಬ ಮಾತು ಬಾಯಿಗೆ ಬಂದೇಬಿಡುತ್ತದೆ. ತಡೆಯಬೇಡಿ. ಹತ್ತಿರ ಕೂತು, ಕಂಡದ್ದನ್ನು ಮಾತ್ರ ಹೇಳಿ: "ಮನೆ ಮೇಲೆ ಮಣ್ಣು ಬಿತ್ತು." ಇದಕ್ಕೆ ಕಾರಣ ಕೇಳುವುದಾಗಲಿ, ಅರ್ಥ ಹೇಳುವುದಾಗಲಿ, "ನಿಮ್ಮ ಮನೆಗೂ ಹೀಗೇ ಆಯ್ತಾ?" ಎಂದು ಕೆದಕುವುದಾಗಲಿ ಬೇಡ.

ಆದರೆ ಒಂದು ವ್ಯತ್ಯಾಸವನ್ನು ಗುರುತಿಸಲು ಕಲಿಯಬೇಕು. ಒಳಿತಿನ ಕಡೆ ಸಾಗುವ ಆಟ ದಿನ ಕಳೆದಂತೆ ಬದಲಾಗುತ್ತದೆ: ಮಣ್ಣಿನಡಿಯ ಗೊಂಬೆಯನ್ನು ಯಾರೋ ಎಳೆದು ತೆಗೆಯುತ್ತಾರೆ, ಜೆಸಿಬಿ ಬರುತ್ತದೆ, ಹೊಸ ಮನೆ ಏಳುತ್ತದೆ. ಇನ್ನೊಂದು ಬಗೆಯ ಆಟ ವಾರಗಟ್ಟಲೆ ಒಂದೇ ರೀತಿ ಆರಂಭವಾಗಿ ಒಂದೇ ರೀತಿ ಮುಗಿಯುತ್ತದೆ, ಅದರಲ್ಲಿ ನಗು ಇರುವುದಿಲ್ಲ, ಆಡಿದ ಮೇಲೆ ಮಗು ಮೊದಲಿಗಿಂತ ಹೆಚ್ಚು ಕಳವಳದಲ್ಲಿರುತ್ತದೆ. ಅಂಥಲ್ಲಿ ನೀವು ಒಂದು ಪಾತ್ರವಾಗಿ ಮೆಲ್ಲಗೆ ಸೇರಿಕೊಂಡು, "ಈ ಗೊಂಬೆಗೆ ಸಹಾಯ ಮಾಡೋಕೆ ಯಾರನ್ನ ಕರೆಯೋಣ?" ಎಂದು ಕೇಳಬಹುದು. ಆಗಲೂ ಆಟ ಸಡಿಲವಾಗದಿದ್ದರೆ ಅದು ತಜ್ಞರಿಗೆ ತಿಳಿಸಬೇಕಾದ ವಿಷಯ.

ಮಣ್ಣು, ನೀರು, ಮರಳು, ಹಿಟ್ಟಿನ ಮುದ್ದೆ, ಜೋಕಾಲಿ ಇವು ದುಬಾರಿ ಆಟಿಕೆಗಳಿಗಿಂತ ಒಳ್ಳೆಯವು. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣದ ಚಿಲಿಪಿಲಿ ಪಠ್ಯಕ್ರಮದ ಚಟುವಟಿಕೆಗಳಲ್ಲಿ ಬಹಳಷ್ಟನ್ನು ಹಾಗೆಯೇ ಬಳಸಬಹುದು. ಕಣ್ಣಾಮುಚ್ಚಾಲೆಯಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಮರೆಯಾದವರು ಮರಳಿ ಸಿಗುತ್ತಾರೆಂದು ಕಲಿಸುವುದರಿಂದ ಅದು ಅಗಲಿಕೆಯ ಭಯಕ್ಕೆ ಒಳ್ಳೆಯ ಆಟವೇ. ಆದರೆ ಕಣ್ಣಿಗೆ ಬಟ್ಟೆ ಕಟ್ಟುವುದು ಕೆಲವು ಮಕ್ಕಳಿಗೆ ಸಹಿಸಲಾಗದು. ಅಂಥ ಮಗು ಅಂಗೈಯಿಂದ ತಾನೇ ಕಣ್ಣು ಮುಚ್ಚಿಕೊಳ್ಳಲಿ, ಬೇಕೆನಿಸಿದಾಗ ತೆಗೆಯಲಿ.

ಸಾವಿನ ಬಗ್ಗೆ ಏನು ಹೇಳುವುದು

"ಅಪ್ಪ ಊರಿಗೆ ಹೋಗಿದ್ದಾರೆ" ಎಂದು ಹೇಳಿಟ್ಟ ಮನೆಗಳಿಂದ ಬರುವ ಮಕ್ಕಳು ತಿಂಗಳುಗಟ್ಟಲೆ ಬಸ್ಸಿನ ಸದ್ದಿಗೆ ಕಿವಿಗೊಡುತ್ತಾರೆ. "ಮಲಗಿದ್ದಾರೆ" ಎಂದರೆ ಮಗು ತಾನು ಮಲಗಲು ಹೆದರುತ್ತದೆ. "ದೇವರು ಕರೆದುಕೊಂಡ" ಎಂಬುದು ಮನೆಯವರ ನಂಬಿಕೆಯಾದರೆ ಅದನ್ನು ನೀವು ಅಲ್ಲಗಳೆಯಬೇಕಿಲ್ಲ, ಆದರೆ ಅಷ್ಟೇ ಹೇಳಿದರೆ ದೇವರ ಮನೆಯ ದೀಪ ಕಂಡರೂ ಬೆದರುವ ಮಗುವನ್ನು ಕಾಣಬೇಕಾದೀತು. ಆರರೊಳಗಿನ ಮಕ್ಕಳಿಗೆ ಸತ್ತವರು ಮರಳುವುದಿಲ್ಲವೆಂಬುದು ಒಮ್ಮೆ ಹೇಳಿದರೆ ಹಿಡಿಯುವ ವಿಷಯವಲ್ಲ. ಅದೇ ಪ್ರಶ್ನೆಯನ್ನು ಅವರು ಹತ್ತಾರು ಬಾರಿ ಕೇಳುತ್ತಾರೆ. ಪ್ರತಿಸಲವೂ ಅದೇ ಉತ್ತರ ಕೊಡಿ: "ಅಪ್ಪನ ದೇಹ ಕೆಲಸ ಮಾಡೋದು ನಿಂತುಹೋಯ್ತು. ಅವರು ಉಸಿರಾಡಲ್ಲ, ಅವರಿಗೆ ನೋವೂ ಆಗಲ್ಲ. ವಾಪಸ್ ಬರೋಕೆ ಆಗಲ್ಲ." ಜೊತೆಗೆ ಇನ್ನೂ ಒಂದು ಮಾತು, ಮಗು ಕೇಳದಿದ್ದರೂ ಹೇಳಲೇಬೇಕು: "ನೀನು ಏನೋ ಮಾಡಿದ್ದರಿಂದ ಹೀಗಾಗಿಲ್ಲ." ತಾನು ಹಠ ಮಾಡಿದ್ದಕ್ಕೆ, ಕೋಪದಲ್ಲಿ "ಹೋಗು" ಅಂದದ್ದಕ್ಕೆ ಅಪ್ಪ ಹೋದನೆಂದು ಈ ವಯಸ್ಸಿನ ಮಕ್ಕಳು ನಂಬುವುದು ತೀರ ಸಾಮಾನ್ಯ, ಮತ್ತು ಅದನ್ನು ಅವರು ಯಾರಿಗೂ ಹೇಳುವುದಿಲ್ಲ. ಮನೆಯವರಿಗೆ ತಿಳಿಸದೆ ನೀವೊಬ್ಬರೇ ಬೇರೆ ಉತ್ತರ ಕೊಡಬೇಡಿ. ಮೊದಲು ಅವರೊಂದಿಗೆ ಕೂತು ಒಂದೇ ಮಾತಿಗೆ ಬನ್ನಿ.

ಮಗು ದೌರ್ಜನ್ಯದ ಬಗ್ಗೆ ಹೇಳಿದರೆ

ಇಲ್ಲಿ ಕಾನೂನು ಬರುತ್ತದೆ, ಆದ್ದರಿಂದ ನಿಖರವಾಗಿರಬೇಕು. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆಗಲಿ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ತಿಳಿದೂ ತಿಳಿಸದಿದ್ದರೆ 21ನೇ ಕಲಂ ಅಡಿ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯಿದೆ. ಊರಿನ ಹಿರಿಯರು ಕೂತು ಬಗೆಹರಿಸುವ ವಿಷಯ ಇದಲ್ಲ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಲಭ್ಯ; ಮೇಲ್ವಿಚಾರಕಿಗೆ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ತಿಳಿಸಿ, ಆದರೆ ಅವರಿಗೆ ತಿಳಿಸಿದ ಮಾತ್ರಕ್ಕೆ ಪೊಲೀಸರಿಗೆ ತಿಳಿಸುವ ಹೊಣೆ ನಿಮ್ಮ ಮೇಲಿನಿಂದ ಇಳಿಯಿತೆಂದು ಭಾವಿಸಬೇಡಿ.

ಮಗು ಹೇಳುತ್ತಿರುವಾಗ ಮುಖದಲ್ಲಿ ಗಾಬರಿ ತೋರದೆ ಕೇಳಿ. "ಯಾರು? ಆ ಮಾವನಾ?" ಎಂಬಂತಹ ಪ್ರಶ್ನೆ ಉತ್ತರವನ್ನು ಮಗುವಿನ ಬಾಯಿಗೆ ತುರುಕುತ್ತದೆ, ಮುಂದೆ ನ್ಯಾಯಾಲಯದಲ್ಲಿ ಮಗುವಿನ ಮಾತನ್ನೇ ದುರ್ಬಲಗೊಳಿಸುತ್ತದೆ. "ಆಮೇಲೆ?" ಎಂಬುದಕ್ಕಿಂತ ಹೆಚ್ಚು ಕೇಳಬೇಡಿ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ, ಏಕೆಂದರೆ ನೀವು ಹೇಳಲಿದ್ದೀರಿ. "ನನಗೆ ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ" ಎನ್ನಿ. ಮಗು ಬಳಸಿದ ಪದಗಳನ್ನೇ, ತಿದ್ದದೆ, ಅದೇ ದಿನ ಬರೆದಿಡಿ. ಘಟನೆ ಈಚಿನದಾಗಿದ್ದರೆ ಮಗುವಿನ ಬಟ್ಟೆ ತೊಳೆಯದೆ, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಆರೋಪಿಯೆಂದು ತೋರಿದವನನ್ನು ನೀವೇ ಹೋಗಿ ಪ್ರಶ್ನಿಸಬೇಡಿ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಮವಸ್ತ್ರವಿಲ್ಲದೆ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕೆಂದು 24ನೇ ಕಲಂ ಹೇಳುತ್ತದೆ. ಮಗುವನ್ನು ಠಾಣೆಗೆ ಕರೆತನ್ನಿರೆಂದರೆ ಇದನ್ನು ನೆನಪಿಸಲು ನಿಮಗೆ ಹಕ್ಕಿದೆ. ಮಗುವಿನ ಹೆಸರು, ಫೋಟೊ, ಮನೆ ಯಾವುದೆಂಬ ಸುಳಿವು ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಕೂಡದು.

ಮನೆಯವರ ಜೊತೆ

ಮಗುವಿನ ಚೇತರಿಕೆ ಮನೆಯಲ್ಲಿ ಅದನ್ನು ಸಾಕುವವರ ಮನಸ್ಥಿತಿಯನ್ನು ಬಹಳವಾಗಿ ಅವಲಂಬಿಸಿದೆ. ಆದ್ದರಿಂದ ಮೊದಲ ಮಾತು ದೂರಾಗಬಾರದು. "ನಿಮ್ಮ ಹುಡುಗ ಎಲ್ಲರಿಗೂ ಹೊಡೀತಾನೆ" ಎಂದು ಬಾಗಿಲಲ್ಲಿ, ನಾಲ್ಕು ಜನರ ಮುಂದೆ ಹೇಳಿದರೆ ಆ ಸಂಜೆ ಮಗುವಿಗೆ ಏಟು ಬೀಳುತ್ತದೆ. ಮನೆಭೇಟಿಯ ದಿನ ಕೂತು, "ಈಚೆಗೆ ಅವನು ಸ್ವಲ್ಪ ಬೇಜಾರಲ್ಲಿ ಇರೋ ಹಾಗೆ ಕಾಣ್ತಾನಕ್ಕಾ, ಮನೇಲಿ ನಿದ್ದೆ ಮಾಡ್ತಾನಾ?" ಎಂದು ಆರಂಭಿಸಿ. ಅಜ್ಜಿ "ಮಗು ಹೆದರ್ಕೊಂಡಿದೆ" ಎಂದು ದೃಷ್ಟಿ ತೆಗೆದು, ತಾಯತ ಕಟ್ಟಿಸಿದ್ದರೆ ನಗಬೇಡಿ, ವಾದಕ್ಕೂ ಇಳಿಯಬೇಡಿ. ಮಗುವಿಗೆ ಭಯವಾಗಿದೆಯೆಂದು ಅವರು ಗುರುತಿಸಿದ್ದಾರೆ, ಅದು ಅರ್ಧ ಕೆಲಸ. "ತಾಯತ ಇರಲಿ ಅಜ್ಜಿ, ಜೊತೆಗೆ ಡಾಕ್ಟರಿಗೂ ತೋರಿಸೋಣ" ಎಂದರೆ ಬಹುಪಾಲು ಅಜ್ಜಿಯಂದಿರು ಒಪ್ಪುತ್ತಾರೆ. ಬರೆ ಹಾಕಿಸುವುದು, ಹೊಗೆ ಕುಡಿಸುವುದು, ಬೇವಿನ ಕೋಲಿನಿಂದ ಹೊಡೆಸುವುದು ಇವುಗಳಿಗೆ ಮಾತ್ರ ನೇರವಾಗಿ, ಗಟ್ಟಿಯಾಗಿ ಬೇಡವೆನ್ನಬೇಕು.

ಮನೆಯಲ್ಲಿ ತಾಯಿಗೆ ಹೊಡೆತ ಬೀಳುತ್ತಿದೆಯೆಂದು ಮಗುವಿನಿಂದ ತಿಳಿದರೆ ಅದನ್ನು ತಂದೆಯ ಮುಂದೆ ಎತ್ತಬೇಡಿ. ಮಗು ಬಾಯಿಬಿಟ್ಟಿತೆಂದು ಗೊತ್ತಾದರೆ ಇಬ್ಬರಿಗೂ ಅಪಾಯ. ತಾಯಿಯೊಬ್ಬಳೇ ಇರುವಾಗ 181 ಮಹಿಳಾ ಸಹಾಯವಾಣಿ, ಸಖಿ ಕೇಂದ್ರ, ಸಾಂತ್ವನ ಕೇಂದ್ರಗಳ ವಿಷಯ ತಿಳಿಸಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು ಎಂಬುದು ಎಷ್ಟೋ ತಾಯಂದಿರಿಗೆ ತಿಳಿದಿಲ್ಲ. ಅಂದರೆ ಅಂಗನವಾಡಿಯ ಮೇಲಧಿಕಾರಿಯೇ ದೂರು ಸ್ವೀಕರಿಸಬೇಕಾದವರು.

ನೆರೆ, ಭೂಕುಸಿತದ ನಂತರ

2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕೊಡಗು, 2019ರಲ್ಲಿ ಕೃಷ್ಣಾ, ಮಲಪ್ರಭಾ ತೀರಗಳು, 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರು ಕಂಡದ್ದನ್ನು ನೆನೆದರೆ, ಇದು ಮುಂದೆಯೂ ಬೇಕಾಗುವ ತಿಳಿವಳಿಕೆ. ಕಾಳಜಿ ಕೇಂದ್ರದಲ್ಲಿ ಮೊದಲ ದಿನಗಳಲ್ಲಿ ಮಗುವಿಗೆ ಬೇಕಾದದ್ದು ತನ್ನವರ ಪಕ್ಕದಲ್ಲಿರುವುದು, ಊಟ, ಒಣ ಬಟ್ಟೆ, ನಿದ್ದೆ. ಕಲ್ಯಾಣ ಮಂಟಪವಾಗಲಿ ಶಾಲೆಯಾಗಲಿ, ಒಂದು ಮೂಲೆಯನ್ನು ಮಕ್ಕಳಿಗೆ ಮೀಸಲಿಟ್ಟು, ದಿನವೂ ಅದೇ ಹೊತ್ತಿಗೆ ಎರಡು ಗಂಟೆ ಆಟ, ಕಥೆ ನಡೆಸಿದರೆ ಅದೇ ದೊಡ್ಡ ಉಪಕಾರ. ಒಂದು ದಿನ ಬಂದು ಆಟಿಕೆ ಹಂಚಿ, ಮಕ್ಕಳನ್ನು ಕುಣಿಸಿ, ಫೋಟೊ ತೆಗೆದು ಮರಳುವ ತಂಡಗಳಿಂದ ಮಕ್ಕಳಿಗೆ ಸಿಗುವುದು ಇನ್ನೊಂದು ಅಗಲಿಕೆ ಎಂದೇ ನನ್ನ ಅಭಿಪ್ರಾಯ. ನೆರವು ನೀಡುವವರಿಗೆ ವಾರಕ್ಕೊಮ್ಮೆಯಾದರೂ ತಿಂಗಳುಗಟ್ಟಲೆ ಬರಲು ಸಾಧ್ಯವೇ ಎಂದು ಕೇಳಿ, ಆಗದಿದ್ದರೆ ಸಾಮಗ್ರಿ ಕೊಟ್ಟು ಹೋಗಲು ಹೇಳಿ. "ಅವತ್ತು ಏನಾಯ್ತು, ಚಿತ್ರ ಬರಿ" ಎಂದು ಮಕ್ಕಳಿಗೆ ಹೇಳಬಾರದು. ಕಾಗದ, ಬಣ್ಣ ಇಡಿ. ಏನು ಬರೆಯಬೇಕೆಂಬುದು ಅವರಿಗೆ ಬಿಟ್ಟದ್ದು. ಘಟನೆಯ ದೃಶ್ಯಗಳು ಮತ್ತೆ ಮತ್ತೆ ಬರುವ ಟಿವಿ ಮತ್ತು ಮೊಬೈಲನ್ನು ಮಕ್ಕಳ ಕಣ್ಣಿನಿಂದ ದೂರವಿಡಿ. ಸಣ್ಣ ಮಕ್ಕಳಿಗೆ ಪ್ರತಿ ಪ್ರಸಾರವೂ ಹೊಸದಾಗಿ ಕುಸಿದ ಗುಡ್ಡವೇ.

ಮರುವರ್ಷದ ಜೂನ್‌ಗೆ ಸಿದ್ಧರಾಗಿರಿ. ತಿಂಗಳುಗಟ್ಟಲೆ ನೆಮ್ಮದಿಯಾಗಿದ್ದ ಮಗು ಮೊದಲ ಜೋರು ಮಳೆಗೆ, ತಗಡಿನ ಸೂರಿನ ಸದ್ದಿಗೆ ಮತ್ತೆ ಕುಗ್ಗಬಹುದು. ಮಳೆಗಾಲಕ್ಕೆ ಮುಂಚೆಯೇ ಮಳೆಯ ಹಾಡು, ಮಳೆಯ ಸದ್ದನ್ನು ಚಪ್ಪಾಳೆಯಲ್ಲಿ ಮಾಡುವ ಆಟ, ಜೋರು ಮಳೆ ಬಂದರೆ ನಾವೆಲ್ಲ ಎಲ್ಲಿ ಹೋಗಿ ನಿಲ್ಲುತ್ತೇವೆಂಬ ಅಭ್ಯಾಸ ಇವನ್ನು ಮಾಡಿಸಿ.

ಯಾವಾಗ, ಎಲ್ಲಿಗೆ ಕಳುಹಿಸಬೇಕು

ಭಯದ ಘಟನೆಯ ನಂತರದ ಮೊದಲ ವಾರಗಳ ಕಳವಳ ರೋಗವಲ್ಲ. ಒಂದು ತಿಂಗಳು ದಾಟಿದರೂ ಲಕ್ಷಣಗಳು ತಗ್ಗದೆ, ಊಟ, ನಿದ್ದೆ, ಆಟಕ್ಕೆ ಅಡ್ಡಿಯಾಗುತ್ತಿದ್ದರೆ ತಜ್ಞರಿಗೆ ತೋರಿಸಬೇಕು. ಮಗು ತನಗೇ ಗಾಯ ಮಾಡಿಕೊಳ್ಳುತ್ತಿದ್ದರೆ, ಊಟ ಪೂರ್ತಿ ಬಿಟ್ಟರೆ, ಮಾತು ನಿಂತುಹೋದರೆ ಒಂದು ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ. ಆಘಾತೋತ್ತರ ಒತ್ತಡದ ಕಾಯಿಲೆ ಆರು ವರ್ಷದೊಳಗಿನವರಲ್ಲಿ ಬೇರೆ ರೀತಿ ಕಾಣಿಸಿಕೊಳ್ಳುತ್ತದೆಂದು 2013ರಿಂದ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯೇ ಪ್ರತ್ಯೇಕ ಮಾನದಂಡ ಕೊಟ್ಟಿದೆ. "ಇಷ್ಟು ಸಣ್ಣ ಮಗುವಿಗೆ ಏನು ಮಾನಸಿಕ ತೊಂದರೆ" ಎಂದು ಯಾರಾದರೂ ಹಿಂದಕ್ಕೆ ಕಳುಹಿಸಿದರೆ ಸುಮ್ಮನಾಗಬೇಡಿ.

ಹತ್ತಿರದ ದಾರಿ ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದಂದು ಅಲ್ಲಿ ಮನೋವೈದ್ಯರ ಸೇವೆಯ ವ್ಯವಸ್ಥೆಯಿದೆ. ಕೂಲಿ ಬಿಟ್ಟು ಬರುವ ತಾಯಿ ಬರಿಗೈಲಿ ಮರಳದಂತೆ ಆಶಾ ಕಾರ್ಯಕರ್ತೆಯ ಮೂಲಕ ಆ ದಿನ ವೈದ್ಯರು ಬರುತ್ತಾರೆಂದು ಮೊದಲೇ ಖಚಿತಪಡಿಸಿಕೊಳ್ಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿರುತ್ತದೆ, ಬೆಳವಣಿಗೆಯ ತೊಂದರೆಯ ಅನುಮಾನವಿದ್ದರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕಾ ಕೇಂದ್ರವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ, ಸಂಕಷ್ಟದಲ್ಲಿರುವ ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ತರಬೇತಿ ಕೊಡುವ ಸಂವಾದ್ ಕಾರ್ಯಕ್ರಮವೂ ಅಲ್ಲಿಯೇ ನಡೆಯುತ್ತದೆ. 2022ರ ಅಕ್ಟೋಬರ್‌ನಿಂದ ಇರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲಿಯೇ, ಉಚಿತವಾಗಿ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಮಗುವಿನ ವಿಷಯದಲ್ಲಿ ಏನು ಮಾಡಲೆಂದು ತೋಚದಾಗ ಕಾರ್ಯಕರ್ತೆಯೂ ಕರೆ ಮಾಡಬಹುದು.

ತನಗಾಗಿಯೂ ಮಾಡಬಹುದು. ನೆರೆ ಬಂದಾಗ ಆಕೆಯ ಮನೆಗೂ ನೀರು ನುಗ್ಗಿರುತ್ತದೆ, ಸತ್ತವರು ಆಕೆಯ ಬಂಧುವೇ ಆಗಿರಬಹುದು, ಆದರೂ ಮರುದಿನ ಕೇಂದ್ರ ತೆರೆಯಬೇಕು. ಗೌರವಧನದ ಮೇಲೆ ದುಡಿಯುವ ಹೆಣ್ಣುಮಗಳಿಂದ ಇಷ್ಟೆಲ್ಲ ಅಪೇಕ್ಷಿಸುವಾಗ ಮೇಲ್ವಿಚಾರಕಿಯರು ತಿಂಗಳ ಸಭೆಯಲ್ಲಿ ಅಂಕಿ-ಅಂಶ ಕೇಳುವುದಕ್ಕೆ ಮುಂಚೆ ಅರ್ಧ ಗಂಟೆಯನ್ನು ಕಷ್ಟದ ಪ್ರಕರಣಗಳ ಮಾತಿಗೆ ಬಿಡುವುದು ದೊಡ್ಡ ಬೇಡಿಕೆಯಲ್ಲ. ಮಕ್ಕಳ ಹೆಸರು ಹೇಳದೆಯೂ ಆ ಮಾತು ಸಾಧ್ಯ.

ಒಂದನೇ ತರಗತಿಗೆ ಹೋಗುವಾಗ

ಚೇತರಿಸಿಕೊಳ್ಳುತ್ತಿರುವ ಮಗುವಿಗೆ ಅಂಗನವಾಡಿ ಬಿಡುವುದೂ ಒಂದು ನಷ್ಟವೇ. ಮೇ ರಜೆಗೆ ಮುಂಚೆ ಮಗುವನ್ನು ಒಂದೆರಡು ಬಾರಿ ಆ ಶಾಲೆಗೆ ಕರೆದೊಯ್ದು ತರಗತಿ, ಶೌಚಾಲಯ, ನೀರಿನ ನಲ್ಲಿ, ಬಿಸಿಯೂಟದ ಜಾಗ ತೋರಿಸಿ. ಮನೆಯವರ ಒಪ್ಪಿಗೆ ಪಡೆದು ಒಂದನೇ ತರಗತಿಯ ಶಿಕ್ಷಕರಿಗೆ ಏನು ಹೇಳಬೇಕೆಂದು ಅವರೊಂದಿಗೇ ನಿರ್ಧರಿಸಿ. ನಡೆದ ಘಟನೆಯ ವಿವರ ಶಿಕ್ಷಕರಿಗೆ ಬೇಕಿಲ್ಲ. ಜೋರು ದನಿಗೆ ಈ ಮಗು ಹೆಪ್ಪುಗಟ್ಟುತ್ತದೆ, ಬಾಗಿಲು ಕಾಣುವ ಕಡೆ ಕೂರಿಸಿದರೆ ನೆಮ್ಮದಿಯಾಗಿರುತ್ತದೆ, ಅತ್ತಾಗ ನೀರು ಕುಡಿಸಿ ಪಕ್ಕದಲ್ಲಿ ಐದು ನಿಮಿಷ ಕೂತರೆ ಸಾಕು ಎಂಬಷ್ಟು ತಿಳಿದರೆ ಕೆಲಸಕ್ಕೆ ಬರುತ್ತದೆ. ಇದನ್ನು ಬಾಯಿಮಾತಿನಲ್ಲಿ ಹೇಳಿ, ವರ್ಗಾವಣೆಯ ಕಾಗದದಲ್ಲಿ ಬರೆಯಬೇಡಿ. ಜೂನ್ ಕೊನೆಯ ಹೊತ್ತಿಗೆ ಒಮ್ಮೆ ಶಾಲೆಯ ಕಡೆ ಹೋಗಿ ಮಗು ಹೇಗಿದೆಯೆಂದು ಶಿಕ್ಷಕರನ್ನು ವಿಚಾರಿಸಿ, ತೊಂದರೆ ಕಂಡರೆ ತಾಯಿಯನ್ನು ಮತ್ತೆ ಅದೇ ಆಸ್ಪತ್ರೆಗೆ, ಅದೇ ಹಳೆಯ ಚೀಟಿಯೊಂದಿಗೆ ಕಳುಹಿಸಿ.